ಮೊದಲು ಚೀಲದ ತೂಕ ಕಳೆಯಿರಿ: ಆಕಾಶ ಛಾಯಾಗ್ರಹಣದ ಬಗ್ಗೆ ಓದುಗರ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆ ಬೇರೆ ಮಾತುಗಳಲ್ಲಿ ತೋಡಿಕೊಂಡಿವೆ. ಊರಿನ ದೀಪಗಳ ಬೆಳಕು ಚಿತ್ರದೊಳಗೆ ನುಗ್ಗುತ್ತದೆ. ಅದನ್ನು ತೆಗೆಯಲು ಹೋದರೆ ನಕ್ಷತ್ರಗಳ ಬಣ್ಣ ಕೆಡುತ್ತದೆ. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ತಾರಸಿಯಿಂದ ಮಹಾವ್ಯಾಧ ನಕ್ಷತ್ರಪುಂಜವನ್ನೂ ಅದರ ನೀಹಾರಿಕೆಯನ್ನೂ 50 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆಯುತ್ತಿದ್ದೇನೆ. ಹಿನ್ನೆಲೆಯ ಆಕಾಶ ಕಾಫಿ ಬಣ್ಣಕ್ಕೆ ಬರುತ್ತದೆ. ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಿದರೆ ಆಕಾಶ ಬೂದುಬಣ್ಣಕ್ಕೆ ತಿರುಗುತ್ತದೆ ನಿಜ, ಆದರೆ ನಕ್ಷತ್ರಗಳೆಲ್ಲ ನೀಲಿಯಾಗುತ್ತವೆ; ಕೆಂಪಗಿರಬೇಕಾದ ಆರ್ದ್ರಾ ಕೂಡ ಬೆಳ್ಳಗೆ ಕಾಣುತ್ತದೆ. ತಪ್ಪು ಎಲ್ಲಿದೆ?
(ವಿದ್ಯಾನಗರ, ದಾವಣಗೆರೆ)

ಉತ್ತರ: ತಪ್ಪು ನಿಮ್ಮ ಕ್ಯಾಮೆರಾದಲ್ಲಿಲ್ಲ, ಲೆಕ್ಕದಲ್ಲಿದೆ. ಮೆಕ್ಕೆಜೋಳದ ವಹಿವಾಟನ್ನು ಕಂಡಿರುವ ನಿಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ತುಂಬಿದ ಚೀಲವನ್ನು ತೂಗಿದ ಮೇಲೆ ಮೊದಲು ಖಾಲಿ ಚೀಲದ ತೂಕವನ್ನು ಕಳೆಯುತ್ತಾರೆ, ಉಳಿದ ಕಾಳಿನ ತೂಕವನ್ನು ಆಮೇಲೆ ದರದಿಂದ ಗುಣಿಸುತ್ತಾರೆ. ಚೀಲದ ತೂಕವನ್ನು ಕಳೆಯದೆ, ಅದನ್ನು ಸರಿದೂಗಿಸಲೆಂದು ದರವನ್ನೇ ಏರಿಳಿಸಲು ಹೋದರೆ ದೊಡ್ಡ ಚೀಲಕ್ಕೆ ಒಂದು ಬಗೆಯ ಅನ್ಯಾಯವಾಗುತ್ತದೆ, ಸಣ್ಣ ಚೀಲಕ್ಕೆ ಇನ್ನೊಂದು ಬಗೆಯದು. ಬೀದಿದೀಪಗಳ ಬೆಳಕು ವಾತಾವರಣದಲ್ಲಿ ಚದುರಿ ನಿಮ್ಮ ಚಿತ್ರದ ಪ್ರತಿಯೊಂದು ಪಿಕ್ಸೆಲ್ಲಿಗೂ ಬಂದು ಸೇರುವ ಹೆಚ್ಚುವರಿ ಮೊತ್ತ. ಅದು ಚೀಲದ ತೂಕ. ವೈಟ್ ಬ್ಯಾಲೆನ್ಸ್ ಎಂಬುದು ಕೆಂಪು, ಹಸಿರು, ನೀಲಿ ಈ ಮೂರು ಬಣ್ಣಗಳನ್ನು ಬೇರೆ ಬೇರೆ ಅಂಕಿಗಳಿಂದ ಗುಣಿಸುವ ಕ್ರಿಯೆ, ಅದು ದರ. ನೀವು ಕಳೆಯಬೇಕಾದಲ್ಲಿ ಗುಣಿಸಿದ್ದೀರಿ.

ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಬರಿಯ ಆಕಾಶದಲ್ಲಿ ಕೆಂಪು 900, ಹಸಿರು 700, ನೀಲಿ 400 ಇದೆಯೆನ್ನಿ. ಇದೇ ನೀವು ಹೇಳುವ ಕಾಫಿ ಬಣ್ಣ. ಅದರ ಮೇಲೆ ಅಚ್ಚಬಿಳಿಯ ನಕ್ಷತ್ರವೊಂದು ಮೂರೂ ಬಣ್ಣಗಳಿಗೆ ಸಾವಿರ ಸಾವಿರ ಸೇರಿಸಿದರೆ ಆ ಪಿಕ್ಸೆಲ್ಲಿನಲ್ಲಿ 1900, 1700, 1400 ದಾಖಲಾಗುತ್ತದೆ. ಆಕಾಶವನ್ನು ಬೂದು ಮಾಡಲೆಂದು ನೀಲಿಯನ್ನು 1.75ರಿಂದಲೂ ಕೆಂಪನ್ನು ಸುಮಾರು 0.78ರಿಂದಲೂ ಗುಣಿಸಿದರೆ ಆಕಾಶವೇನೋ ಮೂರರಲ್ಲೂ 700ಕ್ಕೆ ಬಂದು ನಿಲ್ಲುತ್ತದೆ, ಆದರೆ ನಕ್ಷತ್ರದ ಅಂಕಿಗಳು ಸರಿಸುಮಾರು 1480, 1700, 2450 ಆಗಿ ಅದು ಢಾಳಾದ ನೀಲಿಗೆ ತಿರುಗುತ್ತದೆ. ಬದಲಿಗೆ ಆಕಾಶದ 900, 700, 400ನ್ನು ನೇರವಾಗಿ ಕಳೆದುಬಿಟ್ಟಿದ್ದರೆ ಉಳಿಯುತ್ತಿದ್ದುದು ಸಾವಿರ, ಸಾವಿರ, ಸಾವಿರ: ಬಿಳಿಯ ನಕ್ಷತ್ರ ಬಿಳಿಯದಾಗಿಯೇ ಉಳಿಯುತ್ತಿತ್ತು. ಆರ್ದ್ರಾದ ಮೇಲ್ಮೈ ತಾಪಮಾನ ಸುಮಾರು 3500 ಕೆಲ್ವಿನ್, ಅದೇ ಪುಂಜದ ಇನ್ನೊಂದು ತುದಿಯಲ್ಲಿರುವ ರೈಜೆಲ್‌ನದು ಸುಮಾರು 12,000 ಕೆಲ್ವಿನ್. ಇವೆರಡರ ಬಣ್ಣದ ಅಂತರ ಚಿತ್ರದಲ್ಲಿ ಎದ್ದು ಕಾಣದಿದ್ದರೆ ಕಳೆಯುವ ಹಂತದಲ್ಲಿ ಏನೋ ತಪ್ಪಿದೆಯೆಂದೇ ತಿಳಿಯಿರಿ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ತಿಳಿದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಚಿತ್ರಗಳನ್ನು ಜೆಪೆಗ್‌ನಲ್ಲಿ ಅಲ್ಲ, ರಾ ಫೈಲಿನಲ್ಲಿಯೇ ತೆಗೆಯಿರಿ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಬರಿಯ ಟಿಪ್ಪಣಿಯಾಗಿ ಉಳಿಯುತ್ತದೆ, ಸೆನ್ಸರ್ ಎಣಿಸಿದ ಬೆಳಕನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಅದನ್ನು ಡೇಲೈಟ್‌ಗೆ ಇಟ್ಟು ಮರೆತುಬಿಡಿ, ಆಟೋಗೆ ಮಾತ್ರ ಬಿಡಬೇಡಿ. ಕ್ಯಾಮೆರಾದ ಹಿಂಬದಿಯ ಹಿಸ್ಟೋಗ್ರಾಮಿನಲ್ಲಿ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಬರುವಂತೆ ಪಿಕ್ಸೆಲ್ಲುಗಳ ಹೊಳಪನ್ನು ತೋರಿಸುವ ನಕ್ಷೆ) ಆಕಾಶದ ಗುಡ್ಡವು ಎಡ ಅಂಚಿನಿಂದ ಬಿಡಿಸಿಕೊಂಡು ಕಾಲು ಭಾಗದಿಂದ ಮೂರನೆಯ ಒಂದು ಭಾಗದ ನಡುವೆ ನಿಲ್ಲುವಷ್ಟು ಎಕ್ಸ್‌ಪೋಷರ್ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಪ್ರಕಾಶಮಾನ ನಕ್ಷತ್ರಗಳು ಉರಿದು ಬಿಳಿಯಾಗಿ ತಮ್ಮ ಬಣ್ಣವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತವೆ, ಅದನ್ನು ಯಾವ ತಂತ್ರಾಂಶವೂ ಹಿಂದಕ್ಕೆ ತರಲಾರದು. ಇಂಥ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದ ಮೇಲೆ, ಹೊಳಪನ್ನು ಹಿಗ್ಗಿಸುವ ಮುನ್ನವೇ, ಹಿನ್ನೆಲೆಯನ್ನು ಕಳೆಯಬೇಕು. ಉಚಿತವಾಗಿ ಸಿಗುವ ತಂತ್ರಾಂಶಗಳಾದ ಸಿರಿಲ್ ಮತ್ತು ಗ್ರಾಕ್ಸ್‌ಪರ್ಟ್ ಎರಡರಲ್ಲೂ ಈ ಸೌಲಭ್ಯವಿದೆ.

ಕಳೆದಾದ ಮೇಲೆ ಗುಣಿಸುವ ಸರದಿ. ಅದಕ್ಕೆ ಕಣ್ಣಳತೆಯನ್ನು ನಂಬಬೇಕಾಗಿಲ್ಲ. ಸಿರಿಲ್ ತಂತ್ರಾಂಶವು ನಿಮ್ಮ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಅವುಗಳ ಬಣ್ಣವನ್ನು ಖಗೋಳ ಪಟ್ಟಿಗಳಲ್ಲಿ ದಾಖಲಾಗಿರುವ ಅಳತೆಗಳೊಂದಿಗೆ ಹೋಲಿಸಿ, ಯಾವ ಬಣ್ಣವನ್ನು ಎಷ್ಟರಿಂದ ಗುಣಿಸಬೇಕೆಂದು ತಾನೇ ನಿರ್ಧರಿಸುತ್ತದೆ. ಯುರೋಪಿನ ಗಾಯಾ ಉಪಗ್ರಹವು 2013ರಲ್ಲಿ ಉಡಾವಣೆಯಾಗಿ ಸುಮಾರು 180 ಕೋಟಿ ನಕ್ಷತ್ರಗಳನ್ನು ಅಳೆದಿದೆ. ಆ ಶ್ರಮದ ಫಲ ನಿಮ್ಮ ತಾರಸಿಗೂ ತಲುಪುತ್ತದೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ. ನಮ್ಮ ಅಕ್ಷಾಂಶದ ಅನುಕೂಲವೂ ನಿಮಗಿದೆ. ದಾವಣಗೆರೆಯಲ್ಲಿ ಈ ನೀಹಾರಿಕೆ ನೆತ್ತಿಯ ಕಡೆಗೆ ಸುಮಾರು 70 ಡಿಗ್ರಿ ಏರುತ್ತದೆ. ಅಷ್ಟು ಎತ್ತರದಲ್ಲಿ ದೂಳೂ ಕಡಿಮೆ, ದೀಪಗಳ ಕಾಂತಿಯೂ ಕಡಿಮೆ. ಅನನುಕೂಲವೆಂದರೆ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲಿರುವುದು. ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರನ್ನು ಅದಕ್ಕೆ ಗುರಿಯಿಡಲು ಹೊರಟವರಿಗೆ ಅದು ಬಹುಪಾಲು ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆಯೇ ಇರುತ್ತದೆ!

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಕೊಂಡ ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರು ಆಗ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಮ್ಮ ಬಡಾವಣೆಗೆ ಬಿಳಿಯ ಎಲ್‌ಇಡಿ ದೀಪಗಳು ಬಂದ ಮೇಲೆ ಅದರಿಂದ ಏನೂ ಪ್ರಯೋಜನವಾಗುತ್ತಿಲ್ಲ. ಫಿಲ್ಟರ್ ಹಳತಾಗಿ ಕೆಟ್ಟಿರಬಹುದೆ? ಹೊಸದನ್ನು ಕೊಳ್ಳಬೇಕೆ?
(ಚಿತ್ರದುರ್ಗ)

ಉತ್ತರ: ಫಿಲ್ಟರ್ ಕೆಟ್ಟಿಲ್ಲ, ಅದರ ಎದುರಾಳಿ ಬದಲಾಗಿದ್ದಾನೆ. ಹಳೆಯ ಸೋಡಿಯಂ ದೀಪಗಳು ತಮ್ಮ ಬೆಳಕಿನ ಬಹುಪಾಲನ್ನು 589 ನ್ಯಾನೋಮೀಟರ್‌ನ ಆಸುಪಾಸಿನ ಹಳದಿ-ಕಿತ್ತಳೆಯಲ್ಲಿ ಸೂಸುತ್ತಿದ್ದವು. ಆ ಕಿರಿದಾದ ಪಟ್ಟಿಯೊಂದನ್ನು ತಡೆದು ಉಳಿದದ್ದನ್ನು ಒಳಗೆ ಬಿಟ್ಟರೆ ಸಾಕಾಗುತ್ತಿತ್ತು, ನಿಮ್ಮ ಫಿಲ್ಟರ್ ಮಾಡುತ್ತಿದ್ದುದೂ ಅದನ್ನೇ. ಬಿಳಿಯ ಎಲ್‌ಇಡಿ ಹಾಗಲ್ಲ. ಅದರಲ್ಲಿ 450 ನ್ಯಾನೋಮೀಟರ್ ಸುತ್ತ ನೀಲಿಯ ಚೂಪಾದ ಶಿಖರವೊಂದಿದ್ದು, ಅಲ್ಲಿಂದಾಚೆಗೆ ಹಸಿರಿನಿಂದ ಕೆಂಪಿನವರೆಗೆ ಅಗಲವಾಗಿ ಹರಡಿದ ದಿಬ್ಬವಿರುತ್ತದೆ. ತಡೆಯಲು ಒಂದು ಗೊತ್ತಾದ ಬಾಗಿಲೇ ಇಲ್ಲ. ಮೇಲಾಗಿ ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ: ತರಂಗದೂರದ ನಾಲ್ಕನೆಯ ಘಾತದ ನಿಯಮದಂತೆ ಲೆಕ್ಕ ಹಾಕಿದರೆ 450ರ ನೀಲಿಯು 589ರ ಹಳದಿಗಿಂತ ಸುಮಾರು ಮೂರು ಪಟ್ಟು ಚದುರುತ್ತದೆ. ಹೀಗಾಗಿ ದೀಪಗಳು ನೆಲಕ್ಕೆ ಅಷ್ಟೇ ಬೆಳಕು ಕೊಡುತ್ತಿದ್ದರೂ ಆಕಾಶ ಮೊದಲಿಗಿಂತ ಬೆಳ್ಳಗೆ ಕಾಣಬಹುದು.

ಹೊಸದನ್ನು ಕೊಳ್ಳಬೇಕೆ ಎಂಬುದು ನೀವು ಏನನ್ನು ಚಿತ್ರಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಮಹಾವ್ಯಾಧದ ನೀಹಾರಿಕೆಯಂತೆ ತಾವೇ ಹೊಳೆಯುವ ಅನಿಲ ಮೋಡಗಳು ತಮ್ಮ ಬೆಳಕನ್ನು ಕೆಲವೇ ಗೆರೆಗಳಲ್ಲಿ ಸೂಸುತ್ತವೆ. ಜಲಜನಕದ ಕೆಂಪು ಗೆರೆ 656.3ರಲ್ಲಿ, ಆಮ್ಲಜನಕದ ನೀಲಿಹಸಿರು ಗೆರೆ 500.7ರಲ್ಲಿ ಇದೆ. ಈ ಎರಡು ಕಿಂಡಿಗಳನ್ನು ಮಾತ್ರ ತೆರೆದಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರುಗಳು ಎಲ್‌ಇಡಿ ಆಕಾಶದಲ್ಲೂ ನಿಜವಾಗಿ ಕೆಲಸ ಮಾಡುತ್ತವೆ. ಆದರೆ ದೇವಯಾನಿ ಗ್ಯಾಲಕ್ಸಿಗೂ ಕೃತ್ತಿಕೆಗೂ ಅವು ಕೆಲಸಕ್ಕೆ ಬಾರವು. ಅವುಗಳದು ನಕ್ಷತ್ರಗಳ ಬೆಳಕು, ಎಲ್‌ಇಡಿಯಂತೆಯೇ ಎಲ್ಲ ಬಣ್ಣಗಳಲ್ಲೂ ಹರಡಿದ್ದು. ಅಂಥ ಫಿಲ್ಟರ್ ಹಾಕಿದ ಚಿತ್ರದಲ್ಲಿ ನಕ್ಷತ್ರಗಳ ಸಹಜ ಬಣ್ಣವನ್ನು ಹುಡುಕುವುದೂ ವ್ಯರ್ಥ, ಏಕೆಂದರೆ ನಡುವಿನ ಬಣ್ಣಗಳು ಸೆನ್ಸರನ್ನು ತಲುಪಿಯೇ ಇರುವುದಿಲ್ಲ. ಇನ್ನೂ ಒಂದು ಮಾತು: ಮಾರ್ಪಡಿಸದ ಸಾಮಾನ್ಯ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದಿರುವ ಗಾಜು 656.3ರ ಕೆಂಪನ್ನು ಬಹುಮಟ್ಟಿಗೆ ತಡೆಯುತ್ತದೆ. ಅದನ್ನು ತೆಗೆಸದೆ ದುಬಾರಿ ಫಿಲ್ಟರಿಗೆ ಹಣ ಹಾಕುವುದನ್ನು ನಾನು ಸಲಹೆ ಮಾಡಲಾರೆ. ಅದೇ ಹಣದಲ್ಲಿ ಚಳ್ಳಕೆರೆ ಅಥವಾ ಮೊಳಕಾಲ್ಮೂರಿನ ಕಡೆಯ ಬಯಲುಗಳಿಗೆ ಹಲವಾರು ಅಮಾವಾಸ್ಯೆಗಳಂದು ಹೋಗಿಬರಬಹುದು.

ಪ್ರಶ್ನೆ: ಚಿತ್ರದ ಪೂರ್ವದ ಮೂಲೆ ಯಾವಾಗಲೂ ಬೆಳ್ಳಗಿರುತ್ತದೆ, ನಾಲ್ಕೂ ಮೂಲೆಗಳು ಸ್ವಲ್ಪ ಕಪ್ಪಾಗಿರುತ್ತವೆ. ತಂತ್ರಾಂಶದಲ್ಲಿ ಹಿನ್ನೆಲೆ ತೆಗೆದಾಗ ನೀಹಾರಿಕೆಯ ಮಸುಕಾದ ಅಂಚುಗಳೂ ಮಾಯವಾಗುತ್ತವೆ.
(ಹರಿಹರ)

ಉತ್ತರ: ನಿಮ್ಮ ಚಿತ್ರದಲ್ಲಿ ಎರಡು ಬೇರೆ ಬೇರೆ ದೋಷಗಳು ಬೆರೆತಿವೆ. ಪೂರ್ವದ ಬೆಳಕು ದಾವಣಗೆರೆಯದು, ಅದನ್ನು ಕಳೆಯಬೇಕು. ಮೂಲೆಗಳ ಕಪ್ಪು ನಿಮ್ಮ ಲೆನ್ಸಿನದು. ಲೆನ್ಸು ಮೂಲೆಗಳಿಗೆ ಇಂತಿಷ್ಟು ಪಾಲು ಬೆಳಕನ್ನು ಕಡಿಮೆ ಕೊಡುವುದರಿಂದ ಅದನ್ನು ಭಾಗಾಕಾರದಿಂದ ಸರಿಪಡಿಸಬೇಕು. ಭಾಗಾಕಾರ ಮೊದಲು, ವ್ಯವಕಲನ ಆಮೇಲೆ. ಭಾಗಿಸಲು ಬೇಕಾದದ್ದು ಫ್ಲ್ಯಾಟ್ ಚಿತ್ರಗಳು: ಫೋಕಸ್ಸನ್ನೂ ಅಪರ್ಚರನ್ನೂ ಕದಲಿಸದೆ, ಲೆನ್ಸಿನ ಬಾಯಿಗೆ ಮಡಿಸಿದ ಬಿಳಿ ಪಂಚೆಯನ್ನು ಬಿಗಿಯಾಗಿ ಹೊದಿಸಿ, ಬೆಳಗಿನ ಜಾವದ ಸಮನಾದ ಬೆಳಕಿಗೆ ಹಿಡಿದು ಇಪ್ಪತ್ತು ಮೂವತ್ತು ಚಿತ್ರ ತೆಗೆದುಕೊಳ್ಳಿ. ಇದನ್ನು ಮಾಡದೆ ಎರಡೂ ದೋಷಗಳನ್ನು ಒಂದೇ ಏಟಿಗೆ ಕಳೆಯಲು ಹೋದಾಗ ತಂತ್ರಾಂಶವು ಬಹಳ ವಕ್ರವಾದ ಹಿನ್ನೆಲೆಯೊಂದನ್ನು ಕಲ್ಪಿಸಿಕೊಳ್ಳಬೇಕಾಗುತ್ತದೆ, ಆ ವಕ್ರತೆಯೊಳಗೆ ನೀಹಾರಿಕೆಯ ಅಂಚುಗಳೂ ಸೇರಿಹೋಗುತ್ತವೆ.

ಎರಡನೆಯದಾಗಿ, ಯಾವುದು ಊರಿನ ಬೆಳಕು, ಯಾವುದು ನೀಹಾರಿಕೆಯ ಬೆಳಕು ಎಂಬುದು ತಂತ್ರಾಂಶಕ್ಕೆ ತಿಳಿಯದು, ಅದನ್ನು ನೀವೇ ಹೇಳಿಕೊಡಬೇಕು. ಹಿನ್ನೆಲೆಯನ್ನು ಅಳೆಯಲೆಂದು ಸಿರಿಲ್ ಚಿತ್ರದ ಮೇಲೆ ತಾನಾಗಿ ಚೆಲ್ಲುವ ಮಾದರಿ ಚೌಕಗಳಲ್ಲಿ ನೀಹಾರಿಕೆಯ ಮೇಲೆ, ಅದರ ಮಸುಕು ಅಂಚಿನ ಮೇಲೆ, ದೊಡ್ಡ ನಕ್ಷತ್ರಗಳ ಮೇಲೆ ಬಿದ್ದವನ್ನು ಒಂದೊಂದಾಗಿ ಅಳಿಸಿ. ಬೇಸರದ ಕೆಲಸ, ಆದರೆ ಹತ್ತು ನಿಮಿಷದ್ದು. ಆಕಾಶಗಂಗೆಯ ಚಿತ್ರವಾದರೆ ಬರಿಯ ಆಕಾಶವೆಂಬುದೇ ಚೌಕಟ್ಟಿನಲ್ಲಿ ಇರುವುದಿಲ್ಲವಾದ್ದರಿಂದ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಮವಾಗಿ ಇಳಿಯುವ ಸರಳ ಇಳಿಜಾರನ್ನಷ್ಟೇ ಕಳೆದು ಅಲ್ಲಿಗೆ ನಿಲ್ಲಿಸಿ. ಸಾಧ್ಯವಾದರೆ ವಸ್ತುವು ಪೂರ್ವದಲ್ಲಿ ಏಳುವಾಗ ಆತುರಪಡದೆ, ಅದು ದಾವಣಗೆರೆಯ ಕಾಂತಿಯನ್ನು ದಾಟಿ ಮೇಲೇರುವವರೆಗೆ ಕಾಯಿರಿ.

ಪ್ರಶ್ನೆ: ಬೆಳಕಿನ ಮಾಲಿನ್ಯವನ್ನು ಕಂಪ್ಯೂಟರಿನಲ್ಲೇ ಕಳೆಯಬಹುದಾದರೆ ಕತ್ತಲ ಜಾಗಕ್ಕೆ ಹೋಗುವ ಅಗತ್ಯವೇನು? ನಾನು ದಾವಣಗೆರೆಯ ಹಾಸ್ಟೆಲಿನಲ್ಲಿದ್ದೇನೆ, ಊರು ಹೊಸದುರ್ಗ ತಾಲ್ಲೂಕಿನ ಹಳ್ಳಿ.
(ಕಾಲೇಜು ವಿದ್ಯಾರ್ಥಿನಿ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಬೆಳಕಿನ ಸರಾಸರಿಯನ್ನು ಕಳೆಯಬಹುದು, ಅದರ ಏರಿಳಿತವನ್ನು ಕಳೆಯಲಾಗುವುದಿಲ್ಲ. ಬೆಳಕು ಮಳೆಹನಿಯಂತೆ ಬಿಡಿಬಿಡಿಯಾಗಿ ಬೀಳುವುದರಿಂದ, ಸರಾಸರಿ ಹತ್ತು ಸಾವಿರ ಕಣಗಳು ಬೀಳುವ ಪಿಕ್ಸೆಲ್ಲಿನಲ್ಲಿ ಅದರ ವರ್ಗಮೂಲದಷ್ಟು, ಎಂದರೆ ನೂರರಷ್ಟು, ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಚಿತ್ರದಲ್ಲಿ ಮರಳಿನಂತೆ ಕಾಣುವ ನಾಯ್ಸ್ ಇದೇ. ಊರಿನ ಆಕಾಶ ಹತ್ತು ಸಾವಿರ ಕಣಗಳನ್ನು ಕೊಟ್ಟು, ಮಸುಕಾದ ನೀಹಾರಿಕೆ ನೂರು ಕಣಗಳನ್ನು ಮಾತ್ರ ಕೊಟ್ಟರೆ, ಆ ಹತ್ತು ಸಾವಿರವನ್ನು ನಿಖರವಾಗಿ ಕಳೆದ ಮೇಲೂ ನೂರರ ಸಂಕೇತ ನೂರರ ನಾಯ್ಸಿನೊಳಗೆ ಮುಳುಗಿರುತ್ತದೆ. ಈಗ ನಿಮ್ಮ ಹಳ್ಳಿಯ ಆಕಾಶ ಮೂರು ಮ್ಯಾಗ್ನಿಟ್ಯೂಡ್‌ನಷ್ಟು ಕಪ್ಪಗಿದೆಯೆಂದು ಇಟ್ಟುಕೊಳ್ಳಿ. ಮ್ಯಾಗ್ನಿಟ್ಯೂಡ್ ಎಂಬುದು ಹೊಳಪಿನ ಅಳತೆ: ಒಂದೆಂದರೆ ಸುಮಾರು 2.5 ಪಟ್ಟು, ಮೂರೆಂದರೆ ಸುಮಾರು 16 ಪಟ್ಟು. ಆಕಾಶದ ಕಣಗಳು 625ಕ್ಕೆ ಇಳಿಯುತ್ತವೆ, ನೀಹಾರಿಕೆಯದೂ ಸೇರಿದ ನಾಯ್ಸ್ 27ಕ್ಕೆ ಇಳಿಯುತ್ತದೆ, ಅದೇ ನೂರರ ಸಂಕೇತ ಈಗ ಅದರ ಮೂರೂವರೆ ಪಟ್ಟಿಗಿಂತ ಮೇಲೆ ಎದ್ದು ನಿಲ್ಲುತ್ತದೆ. ಇದೇ ಗುಣಮಟ್ಟವನ್ನು ಹಾಸ್ಟೆಲಿನ ತಾರಸಿಯಲ್ಲಿ ಪಡೆಯಲು ಸುಮಾರು 14 ಪಟ್ಟು ಹೆಚ್ಚು ಕಾಲ ಚಿತ್ರ ತೆಗೆಯಬೇಕಾಗುತ್ತದೆ. ನಿಮ್ಮ ಊರಿನ ಒಂದು ಗಂಟೆ ದಾವಣಗೆರೆಯ ಎರಡು ಇಡೀ ರಾತ್ರಿಗಳಿಗೆ ಸಮ.

ಬಣ್ಣದ ದೃಷ್ಟಿಯಿಂದ ನಷ್ಟ ಇನ್ನೂ ಹೆಚ್ಚು. ಯಾವ ಬಣ್ಣದಲ್ಲಿ ಸಂಕೇತ ದುರ್ಬಲವಾಗಿದೆಯೋ ಅದನ್ನೇ ವರ್ಣ ಸಮತೋಲನದಲ್ಲಿ ಹೆಚ್ಚಾಗಿ ಗುಣಿಸಬೇಕಾಗುತ್ತದೆ, ಆಗ ಅದರ ನಾಯ್ಸೂ ಅಷ್ಟೇ ಪಟ್ಟು ಬೆಳೆಯುತ್ತದೆ. ಊರಿನ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ನೇರಳೆ, ಹಸಿರು ಮಚ್ಚೆಗಳು ಬರುವುದು ಹೀಗೆ. ರಜೆಗೆ ಊರಿಗೆ ಹೋಗುವಾಗ ಪಂಚಾಂಗದಲ್ಲಿ ಅಮಾವಾಸ್ಯೆಯನ್ನು ನೋಡಿಕೊಂಡು ಹೋಗಿ. ಹಿಂಗಾರಿನ ಒಂದು ಮಳೆ ದೂಳನ್ನು ತೊಳೆದ ಮರುದಿನ ರಾತ್ರಿ ಸಿಕ್ಕರಂತೂ ಬಿಡಬೇಡಿ. ಅರಣ್ಯದ ಅಂಚಿಗೆ ಒಬ್ಬರೇ ಹೋಗಬೇಡಿ. ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿಗಳಿವೆ, ಮನೆಯ ಹೊಲ ಸಾಕು.

ಪ್ರಶ್ನೆ: ಗಾಳಿಯಂತ್ರಗಳ ತುದಿಯ ಕೆಂಪು ದೀಪಗಳನ್ನು ಚಿತ್ರದಿಂದ ತೆಗೆಯುವುದು ಹೇಗೆ?
(ಹೊಳಲ್ಕೆರೆ ರಸ್ತೆ, ಚಿತ್ರದುರ್ಗ)

ಉತ್ತರ: ನಕ್ಷತ್ರಗಳನ್ನು ಹಿಂಬಾಲಿಸಿ ತೆಗೆದ ಚಿತ್ರಗಳಾದರೆ ದೀಪಗಳು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತವೆ; ಪೇರಿಸುವಾಗ ಸರಾಸರಿಯಿಂದ ದೂರವಿರುವ ಅಂಕಿಗಳನ್ನು ತಿರಸ್ಕರಿಸುವ ಆಯ್ಕೆಯನ್ನು ಬಳಸಿದರೆ ವಿಮಾನದ ಗೆರೆಗಳ ಜತೆಗೆ ಅವೂ ಹೋಗುತ್ತವೆ. ಬೆಟ್ಟದ ಸಾಲನ್ನೂ ಸೇರಿಸಿ ತೆಗೆದ ಚಿತ್ರವಾದರೆ ಅವನ್ನು ಹಾಗೆಯೇ ಬಿಡಿ. ಚಿತ್ರದುರ್ಗದ ದಿಗಂತದಲ್ಲಿ ಗಾಳಿಯಂತ್ರ ಇಲ್ಲದಿದ್ದರೆ ಅದು ಯಾವ ಊರೆಂದು ತಿಳಿಯಬೇಕು?

ಪ್ರಶ್ನೆ: ರಂಗಯ್ಯನದುರ್ಗದ ಕಡೆ ನಮ್ಮ ತೋಟದಲ್ಲಿ ಸುತ್ತ ಒಂದು ದೀಪವೂ ಇಲ್ಲ. ಆದರೂ ಚಿತ್ರಕ್ಕೆ ಹಸಿರು ಛಾಯೆ ಬರುತ್ತದೆ. ಅದೇ ಚಿತ್ರ ಮೊಬೈಲಿನಲ್ಲಿ ಒಂದು ಬಣ್ಣ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಬಣ್ಣ ತೋರುತ್ತದೆ. ಯಾವುದನ್ನು ನಂಬಲಿ?
(ಜಗಳೂರು ತಾಲ್ಲೂಕು)

ಉತ್ತರ: ಹಸಿರಿಗೆ ಎರಡು ಮೂಲಗಳಿವೆ. ಸೆನ್ಸರಿನ ಪ್ರತಿ ನಾಲ್ಕು ಪಿಕ್ಸೆಲ್ಲುಗಳಲ್ಲಿ ಎರಡರ ಮೇಲೆ ಹಸಿರು ಗಾಜು, ಒಂದರ ಮೇಲೆ ಕೆಂಪು, ಒಂದರ ಮೇಲೆ ನೀಲಿ ಇರುತ್ತದೆ, ಹಸಿರಿಗೆ ಅದರ ಸಂವೇದನೆಯೂ ಹೆಚ್ಚು. ಗುಣಿಸುವ ಹಂತ ಮುಗಿಯುವ ಮುನ್ನ ಹಸಿರು ಕಂಡರೆ ಅದು ಸಹಜ. ಇನ್ನೊಂದು ಆಕಾಶದ್ದೇ ಹಸಿರು. ನೆಲದಿಂದ ನೂರು ಕಿಲೋಮೀಟರಿನಷ್ಟು ಮೇಲೆ ಆಮ್ಲಜನಕದ ಪರಮಾಣುಗಳು 557.7 ನ್ಯಾನೋಮೀಟರ್‌ನಲ್ಲಿ ರಾತ್ರಿಯಿಡೀ ಮಂದವಾಗಿ ಮಿನುಗುತ್ತವೆ. ಊರಿನಲ್ಲಿ ಅದು ದೀಪಗಳ ಬೆಳಕಿನಲ್ಲಿ ಅಡಗಿಹೋಗುತ್ತದೆ, ನಿಮ್ಮಂಥ ಪುಣ್ಯವಂತರಿಗಷ್ಟೇ ಕಾಣುತ್ತದೆ. ಎರಡಕ್ಕೂ ಮದ್ದು ಮೇಲೆ ಹೇಳಿದ್ದೇ: ಹಿನ್ನೆಲೆಯನ್ನು ಕಳೆದು, ನಕ್ಷತ್ರಗಳ ಬಣ್ಣಕ್ಕೆ ಹೊಂದಿಸುವುದು. ಆಮೇಲೂ ಉಳಿದರೆ ಸಿರಿಲ್‌ನ ಹಸಿರು ತೆಗೆಯುವ ಆಯ್ಕೆಯನ್ನು ಹಿತಮಿತವಾಗಿ ಬಳಸಿ. ಧೂಮಕೇತುವಿನ ಚಿತ್ರಕ್ಕೆ ಮಾತ್ರ ಅದನ್ನು ಮುಟ್ಟಿಸಬೇಡಿ. ಅದರ ತಲೆಯ ಹಸಿರು ಇಂಗಾಲದ ಜೋಡಿ ಅಣುಗಳದು, ನಿಜವಾದದ್ದು.

ಪರದೆಗಳ ಮಾತಿಗೆ ಬಂದರೆ, ನಾನೇ ಒಮ್ಮೆ ಇಡೀ ರಾತ್ರಿ ಕುಳಿತು ಕೃತ್ತಿಕೆಯ ಚಿತ್ರವನ್ನು ತಿದ್ದಿ, ಬೆಳಿಗ್ಗೆ ನೋಡಿದಾಗ ಅದು ನೀಲಿಯ ಬಾವಿಯಲ್ಲಿ ಅದ್ದಿ ತೆಗೆದಂತಿತ್ತು. ರಾತ್ರಿಯ ಹೊತ್ತು ಕಣ್ಣಿಗೆ ತಂಪಾಗಲೆಂದು ಪರದೆಯನ್ನು ಹಳದಿಯಾಗಿಸುವ ಸೌಲಭ್ಯ ಲ್ಯಾಪ್‌ಟಾಪಿನಲ್ಲಿ ತಾನಾಗಿ ಚಾಲೂ ಆಗಿತ್ತು, ನಾನು ಆ ಹಳದಿಯನ್ನು ಚಿತ್ರದಿಂದ ತೆಗೆಯುತ್ತ ಕುಳಿತಿದ್ದೆ. ಈಗ ಆ ಸೌಲಭ್ಯವನ್ನು ಆರಿಸಿಯೇ ಕೆಲಸಕ್ಕೆ ಕೂರುತ್ತೇನೆ, ಪರದೆಗಿಂತ ಹೆಚ್ಚಾಗಿ ಅಂಕಿಗಳನ್ನು ನಂಬುತ್ತೇನೆ: ಬರಿಯ ಆಕಾಶದ ಮೇಲೆ ಕರ್ಸರ್ ಇಟ್ಟಾಗ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಒಂದೇ ಅಂಕಿಯನ್ನು ತೋರಿಸಿ, ಆ ಅಂಕಿ ಸೊನ್ನೆಗಿಂತ ತುಸು ಮೇಲಿದ್ದರೆ, ಮೊಬೈಲ್ ಏನನ್ನೇ ತೋರಿಸಿದರೂ ನಿಮ್ಮ ಹಿನ್ನೆಲೆ ಸರಿಯಾಗಿದೆ.